ಮಗುವಿನ ಜೀವನಾಂಶ: ವಿಚಾರಣೆಯ ದಿನ ತಾಯಿತಂದೆಗಳು ನಡೆದುಕೊಳ್ಳಬೇಕಾದ ರೀತಿ

ಒಳ್ಳೆಯ ಮುಹೂರ್ತವಿರುವ ದಿನ ಬೆಳಗಿನ ಹೊತ್ತು ವಡಪಳನಿಯ ಮುರುಗನ ದೇವಾಲಯದ ಬಳಿ ನಡೆದು ಹೋಗುವವರು ಹೂಮಾಲೆ ಧರಿಸಿದ ವಧೂವರರ ಗುಂಪುಗಳನ್ನು ದಾಟಿಕೊಂಡೇ ಮುಂದೆ ಸಾಗಬೇಕಾಗುವುದು. ಒಂದು ದಿಬ್ಬಣ ಹೊರಗೆ ಬರುವ ಮೊದಲೇ ಮತ್ತೊಂದು ಒಳಗೆ ಹೋಗುವುದು. ಸುತ್ತಲಿನ ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ಅಂದು ಕೈಗೆ ಬಿಡುವಿಲ್ಲ. ಅವರಲ್ಲಿ ಇದೇ ಸನ್ನಿಧಿಯಲ್ಲಿ ತಾಳಿ ಕಟ್ಟಿದವರೂ ಉಂಟು. ಊರಿನಲ್ಲಿ ಮದುವೆಯಾಗಿ ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ವರ್ಷಕ್ಕೊಮ್ಮೆ ಹೋಗಿ ಬರುವವರಂತೂ ಬಹು ಮಂದಿ. ಮದುವೆಯ ವಿಷಯ ಮಾತನಾಡಲು ಎಲ್ಲರಿಗೂ ಸಂತೋಷ. ಅದು ಮುರಿದ ಮೇಲೆ ಮಗುವಿನ ಅನ್ನ, ಬಟ್ಟೆ, ಶಾಲೆಗಳ ಖರ್ಚು ಯಾರದೆಂಬ ಪ್ರಶ್ನೆ ಬಂದಾಗ ಮಾತ್ರ ನಮ್ಮವರು ಬಾಯಿ ಕಟ್ಟಿಕೊಳ್ಳುವರು. ನ್ಯಾಯಾಲಯದ ಸಮನ್ಸು ಕೈಗೆ ಬಂದ ದಿನ ಅಡುಗೆಮನೆಯ ಹಿಂದೆ ನಿಂತು, ತನ್ನಷ್ಟೇ ತಿಳಿದ ಜೊತೆಗಾರನ ಸಲಹೆ ಕೇಳುವರು. ಅಲ್ಲಿ ದೊರೆಯುವ ಸಲಹೆ ಸಾಮಾನ್ಯವಾಗಿ ಒಂದೇ: “ಹೋಗಬೇಡ, ಅವರೇನು ಮಾಡಿಯಾರು?”

ಇದಕ್ಕಿಂತ ಕೆಟ್ಟ ಸಲಹೆಯನ್ನು ನಾವು ಕೇಳಿಲ್ಲ. ಆದುದರಿಂದ ಈ ವಿಷಯವನ್ನು ಇಂದು ಬಿಚ್ಚಿ ಬರೆಯಲು ಉದ್ದೇಶಿಸಿದ್ದೇವೆ. ಪತ್ರಿಕೆಯು ವಕೀಲರ ಸ್ಥಾನದಲ್ಲಿ ನಿಲ್ಲಲಾರದು. ಆದರೆ ವಕೀಲರ ಬಳಿಗೆ ಹೋಗುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ.

ಮೊದಲು ಕಾಯಿದೆಯ ಮಾತು. ಹೆಂಡತಿ, ಅಪ್ರಾಪ್ತ ವಯಸ್ಸಿನ ಮಕ್ಕಳು, ದುಡಿಯಲಾರದ ತಾಯಿತಂದೆಗಳು ಇವರನ್ನು ಶಕ್ತಿಯಿದ್ದೂ ಸಾಕದೆ ಬಿಟ್ಟವನಿಂದ ತಿಂಗಳು ತಿಂಗಳು ಹಣ ಕೊಡಿಸುವ ಕಾನೂನು ನಮ್ಮ ದೇಶಕ್ಕೆ ಹೊಸತಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 488ನೆಯ ಕಲಮಾಗಿತ್ತು. 1973ರ ಸಂಹಿತೆಯಲ್ಲಿ 125ನೆಯ ಕಲಮಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೆಯ ಕಲಮಾಗಿದೆ. ಮನೆಯ ಹಿರಿಯರು ಈಗಲೂ “ಐನೂರು ರೂಪಾಯಿಗಿಂತ ಹೆಚ್ಚು ಕೊಡಿಸಲಾರರು” ಎಂದು ಧೈರ್ಯ ಹೇಳುವುದುಂಟು. 1955ರಲ್ಲಿ ಗೊತ್ತುಪಡಿಸಿದ ಆ ಐನೂರರ ಮಿತಿ 2001ರ ತಿದ್ದುಪಡಿಯಿಂದ ತೆಗೆದುಹೋಗಿದೆ. ಈಗ ಮಗುವಿನ ಅಗತ್ಯ, ತಾಯಿತಂದೆಗಳ ಶಕ್ತಿ ಇವೆರಡನ್ನು ನೋಡಿ ನ್ಯಾಯಾಧೀಶರು ನಿರ್ಧರಿಸಿದ ಮೊತ್ತವೇ ಮೊತ್ತ. ಹಿಂದೂಗಳಿಗೆ ಇದಲ್ಲದೆ 1956ರ ಕಾಯಿದೆಯೊಂದಿದೆ. ಅದರ ಪ್ರಕಾರ ಮಕ್ಕಳನ್ನು ಸಾಕುವ ಹೊಣೆ ತಂದೆಯದು ಮಾತ್ರವಲ್ಲ, ತಾಯಿಯದೂ ಹೌದು. ಮದುವೆಯಾಗದ ಹೆಣ್ಣುಮಗಳು ತನ್ನನ್ನು ತಾನು ಪೋಷಿಸಿಕೊಳ್ಳಲಾರದಿದ್ದರೆ ಆ ಹೊಣೆ ಅವಳ 18ನೆಯ ವಯಸ್ಸಿಗೆ ತೀರುವುದೂ ಇಲ್ಲ.

ತುಳುನಾಡಿನಿಂದ ಬಂದವರಲ್ಲಿ ಕೆಲವರು ಇಲ್ಲಿ ಇನ್ನೊಂದು ಮಾತನ್ನು ತೆಗೆಯುವರು. ಅಳಿಯಸಂತಾನದ ಕುಟುಂಬಗಳಲ್ಲಿ ಮಕ್ಕಳು ತಾಯಿಯ ಮನೆಯಲ್ಲಿ ಸೋದರಮಾವನ ಆಶ್ರಯದಲ್ಲಿ ಬೆಳೆಯುತ್ತಿದ್ದುದು ನಿಜ. ಆದರೆ ಅಂದು ಆ ಆಶ್ರಯದ ಹಿಂದೆ ಕುಟುಂಬದ ಗದ್ದೆಯಿತ್ತು, ಕಣಜವಿತ್ತು. ಪಾಲಾಗಿ ಹೋದ ಮನೆಯ ಸೋದರಮಾವನನ್ನು ತೋರಿಸಿ ಇಂದು ತಂದೆಯು ತನ್ನ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ನ್ಯಾಯಾಲಯ ಆ ಮಾತನ್ನು ಕೇಳುವುದೂ ಇಲ್ಲ.

ಇನ್ನು ಸಮನ್ಸಿನ ಸಂಗತಿ. ಹೆಂಡತಿಯು ತಾನು ವಾಸಿಸುವ ಊರಿನಲ್ಲಿಯೇ ಅರ್ಜಿ ಹಾಕಬಹುದು. ಕೌಟುಂಬಿಕ ನ್ಯಾಯಾಲಯವಿರುವಲ್ಲಿ ಅಲ್ಲಿಗೂ, ಇಲ್ಲದಲ್ಲಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೂ ಅದು ಸಲ್ಲುವುದು. ಎಂದರೆ ಗಂಡ ವಡಪಳನಿಯಲ್ಲಿ ದೋಸೆ ಹುಯ್ಯುತ್ತಿರುವಾಗ ಮೊಕದ್ದಮೆ ಕುಂದಾಪುರದಲ್ಲಿಯೋ ಕಾರ್ಕಳದಲ್ಲಿಯೋ ನಡೆಯುತ್ತಿರಬಹುದು. “ಅದು ಕರ್ನಾಟಕದ ಕೋರ್ಟು, ನಾನಿರುವುದು ತಮಿಳುನಾಡು” ಎಂದು ನಿಶ್ಚಿಂತನಾಗಿರುವುದು ತಪ್ಪು. ದಕ್ಷಿಣ ಕನ್ನಡವೂ ಮದರಾಸು ನಗರವೂ 1956ರ ನವೆಂಬರ್ 1ರವರೆಗೆ ಒಂದೇ ರಾಜ್ಯದಲ್ಲಿದ್ದುವು. ಈಗ ರಾಜ್ಯ ಎರಡಾದರೂ ಕಾನೂನು ಒಂದೇ. ಹಣ ಕೊಡಬೇಕಾದವನು ಎಲ್ಲಿದ್ದರೆ ಅಲ್ಲಿನ ಮ್ಯಾಜಿಸ್ಟ್ರೇಟರ ಮೂಲಕ ಆಜ್ಞೆಯನ್ನು ಜಾರಿಗೊಳಿಸಲು ಅವಕಾಶವಿದೆ.

ಸಮನ್ಸನ್ನು ಬೇಕೆಂದೇ ತಪ್ಪಿಸಿಕೊಂಡವನ, ಅಥವಾ ಪಡೆದೂ ಹಾಜರಾಗದವನ ವಿಷಯದಲ್ಲಿ ನ್ಯಾಯಾಲಯವು ಏಕಪಕ್ಷೀಯವಾಗಿ ವಿಚಾರಣೆ ನಡೆಸಿ ಆಜ್ಞೆ ಮಾಡಬಹುದು. ಅಂಥ ಆಜ್ಞೆಯನ್ನು ತಕ್ಕ ಕಾರಣ ತೋರಿಸಿ ರದ್ದುಪಡಿಸಿಕೊಳ್ಳಲು 3 ತಿಂಗಳೊಳಗೆ ಅರ್ಜಿ ಹಾಕಬೇಕು. ನಮ್ಮ ಹೋಟೆಲು ಬಂಧುಗಳಿಗೆ ಆಗುವ ನಷ್ಟ ಇಲ್ಲಿಯೇ ಹೆಚ್ಚು. ತಾನು ಎಷ್ಟು ಸಂಪಾದಿಸುವೆನೆಂದು ಹೇಳಬಹುದಾದವನೇ ಬರದಿದ್ದಾಗ, ಎದುರು ಪಕ್ಷ ಬರೆದ ಅಂಕಿಯೇ ದಾಖಲೆಯಲ್ಲಿ ನಿಲ್ಲುವುದು. ಆಮೇಲೆ ಗೋಳಾಡಿದರೆ ಪ್ರಯೋಜನವಿಲ್ಲ.

ಹಾಗಾದರೆ ಮಾಡಬೇಕಾದುದೇನು? ಸಮನ್ಸು ಬಂದ ದಿನವೇ ಅದನ್ನು ಮ್ಯಾನೇಜರರಿಗೆ ತೋರಿಸಿ ರಜೆ ಗೊತ್ತುಮಾಡಿಕೊಳ್ಳಬೇಕು. ನಾಚಿಕೆಯಿಂದ ಮುಚ್ಚಿಟ್ಟು ಹಿಂದಿನ ದಿನ ಸಂಜೆ ರಜೆ ಕೇಳಿದರೆ ಯಾವ ಮ್ಯಾನೇಜರನು ಕೊಟ್ಟಾನು? ಹಿಂದಿನ ರಾತ್ರಿ ಹೊರಟರೆ ಸಾಕೆಂದು ಎಣಿಸುವವರೂ ಇದ್ದಾರೆ. ಸೆಂಟ್ರಲ್ ನಿಲ್ದಾಣದಿಂದ ರಾತ್ರಿ ಹೊರಡುವ ಮಂಗಳೂರು ಮೈಲು ಮಂಗಳೂರು ಮುಟ್ಟುವಾಗ ಮರುದಿನ ನಡುಹಗಲಾಗುವುದು. ಅಲ್ಲಿಂದ ಕುಂದಾಪುರಕ್ಕೆ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಹೆಸರು ಕೂಗಿ ಮುಗಿದಿರುವುದು. ಒಂದು ದಿನ ಮೊದಲೇ ಹೊರಡಬೇಕು. ನಿಜವಾಗಿಯೂ ಹೋಗಲಾರದಿದ್ದರೆ ಆ ಊರಿನ ವಕೀಲರೊಬ್ಬರಿಗೆ ವಕಾಲತ್ತು ಕೊಟ್ಟು ಕಾರಣವನ್ನು ತಿಳಿಸಬೇಕು; ವೀಡಿಯೋ ಮೂಲಕ ಹಾಜರಾಗಲು ಅಪ್ಪಣೆ ಬೇಡಬಹುದು. ಮೊಕದ್ದಮೆ ಚೆನ್ನೈಯಲ್ಲಿಯೇ ನಡೆಯುವುದಾದರೆ ತೊಂದರೆ ಕಡಮೆ. ನಗರದ ಕೌಟುಂಬಿಕ ನ್ಯಾಯಾಲಯಗಳಿರುವುದು ಹೈಕೋರ್ಟಿನ ಆವರಣದಲ್ಲಿ. ವಡಪಳನಿಯಲ್ಲಿ ಮೆಟ್ರೋ ಹತ್ತಿ ಸೆಂಟ್ರಲಿನಲ್ಲಿ ಗಾಡಿ ಬದಲಿಸಿದರೆ ಮುಂದಿನ ನಿಲ್ದಾಣವೇ ಹೈಕೋರ್ಟು.

ಈಗ ಎಲ್ಲಕ್ಕಿಂತ ಮುಖ್ಯವಾದ ಆದಾಯದ ಪ್ರಶ್ನೆಗೆ ಬರೋಣ.

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಇಂದೂ ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ ಅವರು ಜೀವನಾಂಶದ ಒಂದು ಮೊಕದ್ದಮೆಯಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತೀರ್ಪು ಕೊಟ್ಟರು. ಮೊಕದ್ದಮೆ ನಾಗಪುರದ ಕಡೆಯದು. ತಾಯಿ ಮತ್ತು ಎಳೆಯ ಮಗನ ಪರವಾಗಿ 2013ರಲ್ಲಿ ಅರ್ಜಿ ಬಿದ್ದಿತ್ತು. ಮಧ್ಯಂತರ ಜೀವನಾಂಶದ ಆಜ್ಞೆಯಾದುದು 2015ರಲ್ಲಿ. ಅದರ ಮೇಲಿನ ತಕರಾರು ಮುಗಿದುದು 2020ರಲ್ಲಿ. ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ಮಗು ಅಷ್ಟರೊಳಗೆ ಶಾಲೆಗೆ ಹೋಗುವ ಹುಡುಗನಾಗಿರಬೇಕು. ಮಧ್ಯಂತರ ಅರ್ಜಿಯನ್ನು ನೋಟೀಸು ಜಾರಿಯಾದ 60 ದಿನಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ತೀರಿಸಬೇಕೆಂದು ಕಾಯಿದೆಯೇ ಹೇಳಿರುವಾಗ ಇಷ್ಟು ವಿಳಂಬವೇಕೆ? ಇಬ್ಬರೂ ತಮ್ಮ ಸಂಪಾದನೆಯ ನಿಜವನ್ನು ಹೇಳದಿರುವುದೇ ಇಂಥ ವಿಳಂಬಕ್ಕೆ ದೊಡ್ಡ ಕಾರಣವೆಂದು ಕಂಡು, ನ್ಯಾಯಮೂರ್ತಿಗಳು ಒಂದು ಕ್ರಮವನ್ನು ಗೊತ್ತುಪಡಿಸಿದರು. ಅರ್ಜಿದಾರರೂ ಎದುರುದಾರರೂ ತಮ್ಮ ಆದಾಯ, ಆಸ್ತಿ, ಸಾಲ, ತಿಂಗಳ ಖರ್ಚು, ತಮ್ಮನ್ನು ಅವಲಂಬಿಸಿರುವವರು ಇವೆಲ್ಲದರ ವಿವರವನ್ನು ಪ್ರಮಾಣಪತ್ರದಲ್ಲಿ ಬರೆದು ಸಲ್ಲಿಸತಕ್ಕದ್ದು. ಎದುರುದಾರನಿಗೆ ಅದಕ್ಕಾಗಿ ಹೆಚ್ಚೆಂದರೆ 4 ವಾರಗಳ ಅವಧಿ. ಸುಳ್ಳು ಬರೆದರೆ ಅದಕ್ಕೆ ಬೇರೆಯೇ ಶಿಕ್ಷೆಯುಂಟು. ಜೀವನಾಂಶವು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗುವುದು. ಆದುದರಿಂದ ವಾಯಿದೆ ಕೇಳಿ ಎಳೆದವನ ತಲೆಯ ಮೇಲೆ ಬಾಕಿ ಬೆಳೆಯುತ್ತ ಹೋಗುವುದೇ ಹೊರತು ಕರಗುವುದಿಲ್ಲ.

ಕಚೇರಿಯ ಗುಮಾಸ್ತರಿಗೆ ಈ ಪ್ರಮಾಣಪತ್ರ ಕಷ್ಟದ್ದಲ್ಲ. ಸಂಬಳದ ಚೀಟಿಯಿದೆ, ಬ್ಯಾಂಕಿನ ಲೆಕ್ಕವಿದೆ. ಹೋಟೆಲಿನವರ ಪಾಡು ಬೇರೆ. ಒಬ್ಬ ಸಪ್ಲೈಯರನಿದ್ದಾನೆಂದು ಭಾವಿಸೋಣ. ಅವನಿಗೆ ಕೈಗೆ ಬರುವ ಸಂಬಳ 18,000 ರೂಪಾಯಿ. ಊಟ, ಕಾಫಿ, ಮಲಗಲು ಜಾಗ ಧಣಿಗಳದು. ಮೇಜಿನ ಮೇಲೆ ಗಿರಾಕಿಗಳು ಬಿಟ್ಟುಹೋಗುವ ಚಿಲ್ಲರೆ ಬೇರೆ. ಜೊತೆಗಾರರ ಮಾತು ಕೇಳಿ ಅವನು ಪ್ರಮಾಣಪತ್ರದಲ್ಲಿ 8,000 ಎಂದು ಬರೆಯುವನು. ಎದುರು ವಕೀಲರು ಕೇಳುವ ಮೊದಲ ಪ್ರಶ್ನೆ: “ತಿಂಗಳಿಗೆ ಎಂಟು ಸಾವಿರ ಬರುವವನು ಕಳೆದ ವರ್ಷ ಹದಿನೈದು ಸಾವಿರದ ಮೊಬೈಲನ್ನು ಹೇಗೆ ಕೊಂಡೆ?” ಎರಡನೆಯದು: “ಊಟ ವಸತಿಗೆ ಎಷ್ಟು ಕೊಡುತ್ತೀ?” ಏನೂ ಇಲ್ಲವೆಂದರೆ ಸಂಪಾದನೆಯೆಲ್ಲ ಉಳಿಯುವುದೆಂದಾಯಿತು, ಇಷ್ಟೆಂದರೆ ಎರಡನೆಯ ಸುಳ್ಳಾಯಿತು. ಒಂದು ಸುಳ್ಳು ಹೊರಬಿದ್ದ ಬಳಿಕ ಅವನು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ. ಊರಿನಲ್ಲಿ ಮುದಿ ತಾಯಿಯಿರುವುದು, ತಂಗಿಯ ಮದುವೆಯ ಸಾಲವಿರುವುದು, ಧಣಿಗಳಲ್ಲಿ ಮುಂಗಡ ಪಡೆದಿರುವುದು ಎಲ್ಲವೂ ನಿಜವಿರಬಹುದು. ಆದರೆ ಅವೆಲ್ಲ ಆ ಎಂಟು ಸಾವಿರದ ಜೊತೆಗೇ ಕೊಚ್ಚಿಹೋಗುವುವು.

ಅದೇ ಮನುಷ್ಯನು ಕೈಗೆ 18,000, ಊಟ ವಸತಿ ಉಚಿತ, ಚಿಲ್ಲರೆ ದಿನಕ್ಕೆ ಸುಮಾರು ಇಷ್ಟು, ತಾಯಿಗೆ ಕಳುಹಿಸುವುದು ಇಷ್ಟು, ಊರಿನ ಗದ್ದೆಯಲ್ಲಿ ಪಾಲು ಇಷ್ಟು ಎಂದು ಇದ್ದುದನ್ನು ಇದ್ದಂತೆ ಬರೆದಿದ್ದರೆ ನ್ಯಾಯಾಧೀಶರು ತಾಯಿಯ ಔಷಧದ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಸಾಲದ ಕಂತುಗಳ ಮಾತನ್ನು ಮಾತ್ರ ಹೆಚ್ಚು ನೆಚ್ಚಬಾರದು. ತಾನಾಗಿ ಮಾಡಿಕೊಂಡ ಸಾಲವನ್ನು ಮಗುವಿನ ಅನ್ನಕ್ಕಿಂತ ಮುಂದೆ ನಿಲ್ಲಿಸಲು ನ್ಯಾಯಾಲಯಗಳು ಸುಲಭವಾಗಿ ಒಪ್ಪುವುದಿಲ್ಲ. ವಿಚಾರಣೆ ಹತ್ತಿರವಾದಾಗ ಕೆಲಸವನ್ನೇ ಬಿಟ್ಟು “ನನಗೆ ಸಂಪಾದನೆಯಿಲ್ಲ” ಎಂದು ಕೈಚೆಲ್ಲುವ ಜಾಣತನವೂ ಉಪಯೋಗಕ್ಕೆ ಬಾರದು. ಶರೀರದಲ್ಲಿ ಶಕ್ತಿಯಿರುವವನು ಕೂಲಿಯ ದುಡಿಮೆಯಿಂದಲಾದರೂ ಸಂಪಾದಿಸಿ ಹೆಂಡತಿ ಮಕ್ಕಳನ್ನು ಸಾಕಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಪ್ರಸಂಗವಶಾತ್ ಇನ್ನೊಂದು ಮಾತು. “ಸಂಬಳದ ಕಾಲು ಪಾಲು ಕೊಟ್ಟರೆ ಮುಗಿಯಿತು” ಎಂಬ ನಂಬಿಕೆ ನಮ್ಮವರಲ್ಲಿ ಹರಡಿದೆ. 2017ರಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ ಗಂಡನ ನಿವ್ವಳ ಸಂಬಳದ ಶೇಕಡ 25 ಹೆಂಡತಿಗೆ ನ್ಯಾಯವಾದ ಮೊತ್ತವಾಗಬಹುದೆಂದು ಹೇಳಿದುದೇ ಇದರ ಮೂಲ. ಅದು ಕಾಯಿದೆಯ ಕಲಮಲ್ಲ. ಮಗುವಿನ ಖರ್ಚಿಗೆ ಅಳತೆಗೋಲೂ ಅಲ್ಲ.

ಕಳುಹಿಸಿದ ಹಣಕ್ಕೆ ಗುರುತಿಲ್ಲದಿರುವುದು ನಮ್ಮವರ ಮತ್ತೊಂದು ದೊಡ್ಡ ತೊಡಕು. ಊರಿಗೆ ಹೋಗುವ ಜೊತೆಗಾರನ ಕೈಯಲ್ಲಿ ಐದು ಸಾವಿರ ಕೊಟ್ಟು ಕಳುಹಿಸುವುದು, ಹಬ್ಬಕ್ಕೆ ಹೋದಾಗ ಮಾವನ ಕೈಗೆ ಹತ್ತು ಸಾವಿರ ಇಡುವುದು ಇವು ವಾಡಿಕೆ. ವಿಚಾರಣೆಯಲ್ಲಿ ತಾಯಿಯು “ಎರಡು ವರ್ಷದಿಂದ ಒಂದು ಕಾಸೂ ಬಂದಿಲ್ಲ” ಎಂದಾಗ ಕೊಟ್ಟವನಲ್ಲಿ ತೋರಿಸಲು ಏನೂ ಇರುವುದಿಲ್ಲ. ಜೊತೆಗಾರನು ಸಾಕ್ಷಿ ಹೇಳಲು ಬಾರನು, ಮಾವನು ನೆನಪಿಲ್ಲವೆನ್ನುವನು. ಜಗಳ ಪ್ರಾರಂಭವಾದ ದಿನದಿಂದಲಾದರೂ ಮಗುವಿಗಾಗಿ ಕಳುಹಿಸುವ ಹಣವನ್ನು ತಾಯಿಯ ಬ್ಯಾಂಕಿನ ಲೆಕ್ಕಕ್ಕೋ ಮೊಬೈಲಿನ ಯುಪಿಐ ಮೂಲಕವೋ ಮಾತ್ರ ಕಳುಹಿಸತಕ್ಕದ್ದು. ಕಳುಹಿಸುವಾಗ “ಶಾಲೆಯ ಫೀಸು” ಎಂದೋ “ಜೂನ್ ತಿಂಗಳ ಖರ್ಚು” ಎಂದೋ ಎರಡು ಶಬ್ದ ಬರೆಯುವುದಕ್ಕೆ ಏನೂ ವೆಚ್ಚವಿಲ್ಲ. ನ್ಯಾಯಾಲಯದ ಆಜ್ಞೆಗಾಗಿ ಕಾಯದೆ ತಂದೆಯು ತಾನಾಗಿ ಕೊಡುತ್ತ ಬಂದ ಹಣಕ್ಕಿರುವ ತೂಕ ವಕೀಲರ ವಾದಕ್ಕಿಲ್ಲ.

ತಾಯಂದಿರಿಗೂ ಕೆಲವು ಮಾತು ಹೇಳಬೇಕು. ನಮ್ಮ ಪತ್ರಿಕೆಯನ್ನು ಓದುವವರಲ್ಲಿ ಅವರ ಸಂಖ್ಯೆ ಕಡಮೆಯಲ್ಲ. ಹಠದಿಂದ ದೊಡ್ಡ ಮೊತ್ತವನ್ನು ಕೇಳುವುದಕ್ಕಿಂತ ಮಗುವಿನ ಖರ್ಚಿನ ನಿಜವಾದ ಪಟ್ಟಿಯನ್ನು ಮುಂದಿಡುವುದು ಲೇಸು. ಶಾಲೆಯ ಫೀಸಿನ ರಸೀದಿ, ಪುಸ್ತಕ ಸಮವಸ್ತ್ರಗಳ ಬಿಲ್ಲು, ವೈದ್ಯರ ಚೀಟಿ, ಶಾಲೆಯ ವ್ಯಾನಿನ ಬಾಡಿಗೆ, ಮನೆಯ ಬಾಡಿಗೆಯಲ್ಲಿ ಮಗುವಿನ ಪಾಲು, ಹಾಲು ಅಕ್ಕಿಗಳ ಲೆಕ್ಕ ಇವನ್ನು ಒಂದು ಪುಸ್ತಕದಲ್ಲಿ ತಿಂಗಳುವಾರು ಬರೆದಿಟ್ಟ ತಾಯಿಯು ಹೆಚ್ಚು ಮಾತನಾಡಬೇಕಾದ ಅಗತ್ಯವೇ ಬೀಳುವುದಿಲ್ಲ. ಬೀಡಿ ಕಟ್ಟಿಯೋ ಬಟ್ಟೆ ಹೊಲಿದೋ ನಾಲ್ಕು ಕಾಸು ಸಂಪಾದಿಸುವವರು ಆ ವಿಷಯವನ್ನು ಮರೆಮಾಡುವುದುಂಟು; ಹೇಳಿದರೆ ಜೀವನಾಂಶ ತಪ್ಪಿಹೋಗುವುದೆಂಬ ಭಯ. ಆ ಭಯಕ್ಕೆ ಕಾರಣವಿಲ್ಲ. ಹೆಂಡತಿಗೆ ಅಲ್ಪಸ್ವಲ್ಪ ಸಂಪಾದನೆಯಿದ್ದ ಮಾತ್ರಕ್ಕೆ ಅವಳ ಹಕ್ಕು ಹೋಗದೆಂದು ಸುಪ್ರೀಂ ಕೋರ್ಟು 2007ರಲ್ಲಿಯೇ ಹೇಳಿದೆ. ತಾಯಿಯೂ ಒಳ್ಳೆಯ ಸಂಬಳದ ಕೆಲಸದಲ್ಲಿದ್ದರೆ ಮಗುವಿನ ಖರ್ಚನ್ನು ಇಬ್ಬರೂ ತಮ್ಮ ತಮ್ಮ ಸಂಬಳದ ಪ್ರಮಾಣಕ್ಕೆ ತಕ್ಕಂತೆ ಹೊರಬೇಕೆಂದು 2000ದಲ್ಲಿ ತೀರ್ಪಾಗಿದೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕಂಗೆಡುವ ತಾಯಂದಿರು ತಿಳಿದಿರಬೇಕಾದ ಸಂಗತಿಯೊಂದಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುವರು. ಗಂಡಸರಿಗೂ ಆದಾಯ ಗೊತ್ತಾದ ಮಿತಿಯೊಳಗಿದ್ದರೆ ದೊರೆಯುವರು. 15100 ಎಂಬ ದೂರವಾಣಿ ಸಂಖ್ಯೆಯಲ್ಲಿ ವಿಚಾರಿಸಬಹುದು.

ನ್ಯಾಯಾಲಯದ ಕೊಠಡಿಯೊಳಗಿನ ನಡವಳಿಕೆಯ ವಿಷಯವಾಗಿ ಹೇಳಬೇಕಾದುದು ಸ್ವಲ್ಪವೇ. ಶುಭ್ರವಾದ ಸಾಧಾರಣ ಉಡುಪು ಸಾಕು. ಹೆಸರು ಕೂಗಿದಾಗ ಹೊರಗೆ ಕಾಫಿ ಕುಡಿಯುತ್ತಿರಬಾರದು. ನ್ಯಾಯಾಧೀಶರು ಕೇಳಿದುದಕ್ಕೆ ಮಾತ್ರ ಉತ್ತರ ಕೊಡಬೇಕು, ತಿಳಿಯದಿದ್ದರೆ ತಿಳಿಯದೆನ್ನಬೇಕು, ಎದುರಿನವರು ಮಾತನಾಡುವಾಗ ನಡುವೆ ಬಾಯಿ ಹಾಕಕೂಡದು. ಚೆನ್ನೈಯಲ್ಲಿ ಕಾಗದಗಳು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವುದರಿಂದ, ಓದಲು ಬಾರದ ಕಾಗದಕ್ಕೆ ಅರ್ಥ ಕೇಳಿ ತಿಳಿದುಕೊಳ್ಳದೆ ಸಹಿ ಹಾಕಕೂಡದು.

ಕಷ್ಟವಾದುದು ನಾಲಗೆಯ ಸಂಯಮ. ಅವಳ ನಡತೆ ಸರಿಯಿಲ್ಲ, ಅವನು ಕುಡುಕ, ಅತ್ತೆ ಹೀಗೆಂದಳು, ಭಾವ ಹಾಗೆಂದನು ಎಂದು ಇಬ್ಬರೂ ಹತ್ತು ವರ್ಷದ ಕಹಿಯನ್ನು ಹೊತ್ತು ತಂದಿರುವರು. ಮಗುವಿನ ಜೀವನಾಂಶದ ವಿಚಾರಣೆಯಲ್ಲಿ ಇದಾವುದಕ್ಕೂ ಬೆಲೆಯಿಲ್ಲ. ತಾಯಿಯ ಮೇಲೆ ಹೊರಿಸಿದ ಅಪವಾದವು ನಿಜವಾದರೂ ಸುಳ್ಳಾದರೂ ಮಗುವಿಗೆ ಹಸಿವಾಗುವುದು ಒಂದೇ ರೀತಿ. “ಮಗುವನ್ನು ನೋಡಗೊಡುವುದಿಲ್ಲ, ಆದುದರಿಂದ ಹಣ ಕೊಡುವುದಿಲ್ಲ” ಎಂಬ ಮಾತನ್ನು ನಾವು ಅನೇಕ ತಂದೆಗಳ ಬಾಯಿಂದ ಕೇಳಿದ್ದೇವೆ. ಅವರ ಸಂಕಟ ನಮಗೆ ಅರ್ಥವಾಗದಿಲ್ಲ. ವರ್ಷಕ್ಕೆ ಹದಿನೈದು ದಿನ ರಜೆ ಪಡೆದು ಊರಿಗೆ ಹೋದವನಿಗೆ ಮಗುವಿನ ಮುಖ ಕಾಣಿಸದೆ ಬಾಗಿಲು ಮುಚ್ಚುವುದು ಕ್ರೂರವೇ ಸರಿ. ಆದರೆ ಅದಕ್ಕೆ ಬೇರೆ ಅರ್ಜಿಯಿದೆ, 1890ರ ಪೋಷಕರ ಕಾಯಿದೆಯಿದೆ. ಹಣ ನಿಲ್ಲಿಸುವುದು ಅದಕ್ಕೆ ಉತ್ತರವಲ್ಲ. ಹಾಗೆಯೇ ಹಣ ಬರಲಿಲ್ಲವೆಂದು ಮಗುವನ್ನು ಬಚ್ಚಿಡುವುದೂ ತಾಯಿಗೆ ಸಲ್ಲದು.

ಮಗುವನ್ನು ನ್ಯಾಯಾಲಯಕ್ಕೆ ಕರೆತರುವ ವಿಷಯ. ನ್ಯಾಯಾಧೀಶರು ಹೇಳದಿದ್ದರೆ ಕರೆತರಬೇಡಿರೆಂದು ನಮ್ಮ ಸಲಹೆ. ಹೊರಸಾಲೆಯ ಬೆಂಚಿನ ಮೇಲೆ ಈ ಕೊನೆಯಲ್ಲಿ ತಾಯಿ, ಆ ಕೊನೆಯಲ್ಲಿ ತಂದೆ. ನಡುವೆ ಕುಳಿತ ಮಗುವಿನ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಯಾವ ಕಡೆ ನೋಡಿದರೆ ಯಾರಿಗೆ ಕೋಪ ಬರುವುದೋ ಎಂದು ಅದು ನೆಲವನ್ನೇ ನೋಡುತ್ತಿರುವುದು. ಬರಲೇಬೇಕಾದರೆ ಮಗುವಿನ ಪ್ರೀತಿಗೆ ಪಾತ್ರರಾದ ಅಜ್ಜಿಯೋ ಚಿಕ್ಕಮ್ಮನೋ ಜೊತೆಯಲ್ಲಿರಲಿ. “ಜಡ್ಜರು ಕೇಳಿದರೆ ಹೀಗೆ ಹೇಳು” ಎಂದು ಪಾಠ ಮಾಡಿಸಬೇಡಿರಿ. ದಿನಬೆಳಗಾದರೆ ಇಂಥ ಮಕ್ಕಳನ್ನು ನೋಡುವವರಿಗೆ ಬಾಯಿಪಾಠದ ಗುರುತು ತಟ್ಟನೆ ಸಿಕ್ಕುವುದು.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯು ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು ನ್ಯಾಯಾಧೀಶರಿಗೇ ವಿಧಿಸಿದೆ. ಪಕ್ಷದವರಲ್ಲಿ ಒಬ್ಬರು ಬಯಸಿದರೂ ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸಬೇಕು. ಮಾನ ಹೋಗುವುದೆಂದು ಹಿಂಜರಿಯುವವರು ಇದನ್ನು ನೆನಪಿಡಬೇಕು. ಸಮಾಲೋಚಕರ ಮುಂದೆ ಕುಳಿತಾಗ ಮನಸ್ಸು ಬಿಚ್ಚಿ ಮಾತನಾಡಬಹುದು. ಆದರೆ ರಾಜಿಯ ಆತುರದಲ್ಲಿ “ನನಗೆ ಬಿಡುಗಡೆ ಕೊಟ್ಟರೆ ಸಾಕು, ಮಗುವಿಗೆ ಏನೂ ಬೇಡ” ಎಂದು ತಾಯಿಯು ಬರೆದುಕೊಡಕೂಡದು. ಆ ಹಕ್ಕು ಮಗುವಿನದು. ಅವಳು ಬಿಟ್ಟುಕೊಡಲು ಅವಳದಲ್ಲ.

ಆಜ್ಞೆಯಾದ ಬಳಿಕ ಕೊಡದೆ ಉಳಿದವನ ಮೇಲೆ ವಾರಂಟು ಹೊರಡುವುದು. ಬಾಕಿಯಾದ ಒಂದೊಂದು ತಿಂಗಳ ಹಣಕ್ಕೂ ಒಂದು ತಿಂಗಳವರೆಗೆ ಸೆರೆಮನೆ ವಿಧಿಸಬಹುದು. ಸೆರೆಯಲ್ಲಿದ್ದು ಬಂದರೆ ಸಾಲ ತೀರಿತೆಂದು ಎಣಿಸುವವರಿದ್ದಾರೆ. ಸೆರೆವಾಸವು ವಸೂಲಿಯ ಉಪಾಯವೇ ಹೊರತು ಬಾಕಿಗೆ ಬದಲಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದೆ. ತಾಯಿಯ ಕಡೆಯವರು ಗಮನಿಸಬೇಕಾದುದು ಇಷ್ಟು: ಬಾಕಿಯ ವಸೂಲಿಗೆ ಅದು ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.

ಒಮ್ಮೆ ಗೊತ್ತಾದ ಮೊತ್ತವು ಕಲ್ಲಿನ ಮೇಲೆ ಕೆತ್ತಿದುದಲ್ಲ. 2020ರ ಮಾರ್ಚಿಯಲ್ಲಿ ಹೋಟೆಲುಗಳ ಬಾಗಿಲು ಮುಚ್ಚಿದಾಗ ನಮ್ಮವರೆಷ್ಟೋ ಮಂದಿ ಕೈಯಲ್ಲಿ ಕಾಸಿಲ್ಲದೆ ಊರು ಸೇರಿದರು. ಅಂಥ ಕಾಲದಲ್ಲಿ ಸುಮ್ಮನೆ ಹಣ ನಿಲ್ಲಿಸಿದರೆ ತಿಂಗಳು ತಿಂಗಳು ಬಾಕಿ ಏರುವುದು. ಪರಿಸ್ಥಿತಿ ಬದಲಾಗಿದೆಯೆಂದು ಅರ್ಜಿ ಹಾಕಿದರೆ ಮೊತ್ತವನ್ನು ಇಳಿಸಲು ಕಾಯಿದೆಯಲ್ಲಿ ಅವಕಾಶವಿದೆ. ಮಗು ಮೇಲಿನ ತರಗತಿಗೆ ಹೋಗಿ ಖರ್ಚು ಹೆಚ್ಚಿದಾಗ, ಸಪ್ಲೈಯರನಾಗಿದ್ದವನು ಕೌಂಟರಿನ ಮ್ಯಾನೇಜರನಾಗಿ ಸಂಬಳ ಏರಿದಾಗ, ಏರಿಸುವಂತೆ ತಾಯಿಯೂ ಅದೇ ಕಲಮಿನಡಿಯಲ್ಲಿ ಕೇಳಬಹುದು. ಹಳೆಯ ಆಜ್ಞೆಯ ನಕಲು, ಸಂಬಳ ಇಳಿದುದಕ್ಕೆ ಅಥವಾ ಏರಿದುದಕ್ಕೆ ಆಧಾರ, ಈವರೆಗೆ ಕೊಟ್ಟ ಹಣದ ಲೆಕ್ಕ ಈ ಮೂರನ್ನು ಅರ್ಜಿಯ ಜೊತೆಗೆ ಇಡಬೇಕು. ಹೊಸ ಆಜ್ಞೆ ಬರುವವರೆಗೆ ಹಳೆಯ ಮೊತ್ತದಲ್ಲಿ ಆಗುವಷ್ಟನ್ನು ಪ್ರತಿ ತಿಂಗಳೂ ಬ್ಯಾಂಕಿನ ಮೂಲಕ ಕಳುಹಿಸುತ್ತಲೇ ಇರಬೇಕು.